ಸನ್ಮಾನ್ಯ ಮೆಗಾಪಿಕ್ಸೆಲ್ ಸಾಹೇಬರ ಸನ್ನಿಧಿಗೆ

ಮಹಾಸ್ವಾಮಿ,

ತಾವು 2012ರಲ್ಲಿ ನೋಕಿಯಾ 808 ಎಂಬ ಫೋನಿನ ಬೆನ್ನೇರಿ 41 ಆಗಿ ದಯಮಾಡಿಸಿದಾಗ ನಾವೆಲ್ಲ ಮೂಗಿನ ಮೇಲೆ ಬೆರಳಿಟ್ಟವರೇ. 2019ರ ಕೊನೆಗೆ ತಾವು 108 ಆದಿರಿ. ಅಷ್ಟೋತ್ತರ ಶತ! ನಮ್ಮಂಥ ದೈವಭೀರುಗಳ ಸೀಮೆಯಲ್ಲಿ ಇದಕ್ಕಿಂತ ಪ್ರಶಸ್ತವಾದ ಸಂಖ್ಯೆಯನ್ನು ಯಾವ ಜೋಯಿಸರೂ ಸೂಚಿಸಲಾರರು. ಈಗಂತೂ 200. ಹಬ್ಬದ ಸೇಲಿನ ಜಾಹೀರಾತಿನಲ್ಲಿ ತಮ್ಮ ಅಂಕಿಯನ್ನು ಬೆಲೆಯ ಅಂಕಿಗಿಂತ ದಪ್ಪಕ್ಷರದಲ್ಲಿ ಹಾಕುತ್ತಾರೆ. ಇಂಥ ಮರ್ಯಾದೆ ಬೇರೆ ಯಾರಿಗುಂಟು?

ಪತ್ರಕ್ಕೆ ಕಾರಣ ನಮ್ಮ ಭಾವ. ಅವರಿಗೊಂದು ಕ್ಯಾಮೆರಾ ಬೇಕಂತೆ. “ದೊಡ್ಡದೆಂತದ್ದೂ ಬೇಡ ಮಾರಾಯ, ಬಜೆಟ್ಟಿನದ್ದು ಸಾಕು. ದಿನಾ ಹಿಡ್ಕೊಂಡು ತಿರುಗ್ಲಿಕ್ಕೆ ಅಲ್ಲ. ನಮ್ಮ ಹರಕೆ ಯಕ್ಷಗಾನ ಆಟದ ವಿಡಿಯೊ, ಮೈಸೂರಿಗೆ ಹೋದ್ರೆ ಅರಮನೆ ಲೈಟು, ಕುದುರೆಮುಖದ ಕಡೆ ಹೋದ್ರೆ ನಕ್ಷತ್ರ. ಅಷ್ಟೇ” ಎಂದರು. ಅಷ್ಟೇ! ಕೆಲಸ ಮೂರೂ ಕತ್ತಲೆಯವು, ಮೂರಕ್ಕೂ ಬೇಕಾದ ಹತ್ಯಾರು ಬೇರೆ ಬೇರೆ, ಕಿಸೆಯಿಂದ ಹೊರಡುವುದು ಐವತ್ತು ಸಾವಿರದೊಳಗೆ. ಇಷ್ಟು ಹೇಳಿ ಅವರು ಕೇಳಿದ ಪ್ರಶ್ನೆ ಒಂದೇ: “ಎಷ್ಟು ಮೆಗಾಪಿಕ್ಸೆಲ್ಲಿನದ್ದು ತೆಗೊಳ್ಳುವ?” ತಮ್ಮ ಪ್ರಚಾರ ಎಷ್ಟು ಚೆನ್ನಾಗಿ ಫಲಿಸಿದೆ ನೋಡಿ. ನಾನು ಕೊಟ್ಟ ಉತ್ತರ ಭಾವನಿಗೆ ಹಿಡಿಸಲಿಲ್ಲ. ಹಾಗಾಗಿ ತಮ್ಮಿಂದಲೇ ಒಂದು ಮಾತು ಹೇಳಿಸೋಣವೆಂದು ಈ ವಿಜ್ಞಾಪನೆ. ಸೂರ್ಯ ಮುಳುಗಿದ ಮೇಲೆ ತಾವು ದಯವಿಟ್ಟು ವಿಶ್ರಾಂತಿ ತೆಗೆದುಕೊಳ್ಳಬೇಕು.

ಹಗಲಿನಲ್ಲಿ ತಮ್ಮ ಉಪಕಾರವನ್ನು ಯಾರೂ ಅಲ್ಲಗಳೆಯುವುದಿಲ್ಲ. ಮರದ ತುದಿಯಲ್ಲಿ ಕೂತ ಹಕ್ಕಿಯ ಫೋಟೊ ತೆಗೆದು, ಆಮೇಲೆ ಸುತ್ತಲಿನದನ್ನೆಲ್ಲ ಕತ್ತರಿಸಿ ಹಕ್ಕಿಯನ್ನು ದೊಡ್ಡದು ಮಾಡುವವರಿಗೆ ತಾವು ಬೇಕೇ ಬೇಕು. ರಾತ್ರಿಯ ಸಂಗತಿ ಬೇರೆ. 108 ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸಿಕೊಂಡ ಫೋನು ಒಂಬತ್ತೊಂಬತ್ತು ಪಿಕ್ಸೆಲ್ಲನ್ನು ಸೇರಿಸಿ ಒಂದೇ ಎಂದು ಲೆಕ್ಕ ಹಿಡಿಯುತ್ತದೆ. ಕೈಗೆ ಬರುವ ಫೋಟೊ 12 ಮೆಗಾಪಿಕ್ಸೆಲ್ಲಿನದ್ದು. 200 ಇದ್ದರೆ ಹದಿನಾರು ಸೇರಿ ಒಂದು, 50 ಇದ್ದರೆ ನಾಲ್ಕು ಸೇರಿ ಒಂದು. ಎರಡರಲ್ಲೂ ಉಳಿಯುವುದು ಹನ್ನೆರಡೂವರೆ. ಪಂಕ್ತಿಗೆ ನೂರೆಂಟು ಎಲೆ ಹಾಕಿ ಹನ್ನೆರಡೇ ಮಂದಿಗೆ ಬಡಿಸಿದ ಹಾಗೆ. ವಿಡಿಯೊ ಇನ್ನೂ ಬಡವ. 4ಕೆ ಎಂದು ಎದೆ ತಟ್ಟಿಕೊಳ್ಳುವ ವಿಡಿಯೊದ ಒಂದು ಚೌಕಟ್ಟಿನಲ್ಲಿ ಇರುವುದು ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಗುಣಿಸಿದರೆ 83 ಲಕ್ಷ, ಅಂದರೆ ತಮ್ಮ ಭಾಷೆಯಲ್ಲಿ ಎಂಟು ಚಿಲ್ಲರೆ. ಅದಕ್ಕಿಂತ ಹೆಚ್ಚು ಕೊಟ್ಟರೂ ಭಾವನ ಮನೆಯ ಟಿವಿ ತೆಗೆದುಕೊಳ್ಳುವುದಿಲ್ಲ.

ತಮಗೆ ಬೇಸರವಾಗಬಹುದಾದ ಇನ್ನೊಂದು ವಿಷಯ. 2014ರಲ್ಲಿ ಸೋನಿಯವರು ಎ7ಎಸ್ ಎಂಬ ಕ್ಯಾಮೆರಾ ತಂದರು. ಕತ್ತಲೆಯಲ್ಲಿ ವಿಡಿಯೊ ತೆಗೆಯುವವರು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಅದರೊಳಗೆ ತಮ್ಮ ಕುಲಬಾಂಧವರು ಎಷ್ಟು ಜನ ಇದ್ದರು ಗೊತ್ತೇ? ಹನ್ನೆರಡು. 2020ರಲ್ಲಿ ಅದರ ಮೂರನೆಯ ಅವತಾರ ಬಂತು, ಆಗಲೂ ಹನ್ನೆರಡೇ. ಲಕ್ಷಗಟ್ಟಲೆ ಬೆಲೆಯ ಆ ಕ್ಯಾಮೆರಾವನ್ನು ಭಾವ ಕೊಳ್ಳುವುದಿಲ್ಲ, ಕೊಂಡರೆ ಅಕ್ಕ ಮನೆಗೆ ಸೇರಿಸುವುದೂ ಇಲ್ಲ. ಆದರೂ ದೃಷ್ಟಾಂತಕ್ಕೆ ಹೇಳಿದೆ. ನ್ಯಾಯವಾಗಿ ನೋಡಿದರೆ ತಾವು ಅಪರಾಧಿಯೂ ಅಲ್ಲ. ಒಂದೇ ಅಗಲದ ಸೆನ್ಸರಿನಲ್ಲಿ 12 ಇರಲಿ, 24 ಇರಲಿ, ಎರಡೂ ಫೋಟೊಗಳನ್ನು ಒಂದೇ ಅಳತೆಗೆ ತಂದು ನೋಡಿದರೆ ಕಾಳುಕಾಳಾಗಿ ಕಾಣುವ ಗ್ರೇನ್ಸ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ರಾತ್ರಿಯ ವಿಚಾರಣೆಯಲ್ಲಿ ತಾವು ಆರೋಪಿಯಲ್ಲ, ಸಾಕ್ಷಿಯೂ ಅಲ್ಲ. ಕೋರ್ಟಿನ ಜಗಲಿಯಲ್ಲಿ ಸುಮ್ಮನೆ ಕೂತವರು.

ಈಗ ಆಟದ ಗದ್ದೆಗೆ ಬನ್ನಿ. ದೇವಿ ಮಹಾತ್ಮೆ ಪ್ರಸಂಗ, ಮಹಿಷಾಸುರ ಬರುವ ಹೊತ್ತು. ಅವನು ವೇಷ ಕಟ್ಟುವ ಚೌಕಿಯಿಂದ ನೆಟ್ಟಗೆ ರಂಗಸ್ಥಳಕ್ಕೆ ಬರುವ ಸಭ್ಯಸ್ಥನಲ್ಲ. ಗದ್ದೆಯ ಆಚೆ ತುದಿಯಿಂದ, ಕುರ್ಚಿಯಲ್ಲಿ ತೂಕಡಿಸುತ್ತಿರುವ ಜನರ ನಡುವಿನಿಂದ, ಎರಡೂ ಕಡೆ ದೊಂದಿ ಹಿಡಿಸಿಕೊಂಡು, ಕೋಡು ಅಲ್ಲಾಡಿಸುತ್ತ ಬರುತ್ತಾನೆ. ನಡುನಡುವೆ ದೊಂದಿಗೆ ರಾಳದ ಪುಡಿ ಎರಚುತ್ತಾರೆ; ಬೆಂಕಿ ಭಗ್ಗೆಂದು ಆಳೆತ್ತರ ಏಳುತ್ತದೆ, ಮರುಕ್ಷಣ ಇನ್ನಷ್ಟು ಕತ್ತಲೆ. ಆಟೋದಲ್ಲಿಟ್ಟ ಕ್ಯಾಮೆರಾಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಕತ್ತಲೆ ಕಂಡು ಅದು ಬೆಳಕಿನ ಸೂಕ್ಷ್ಮತೆಯ ಅಂಕಿಯಾದ ಐಎಸ್‌ಓವನ್ನು ಏರಿಸಿ ಏರಿಸಿ ಹನ್ನೆರಡು ಸಾವಿರಕ್ಕೆ ಒಯ್ದಿರುತ್ತದೆ. ರಾಳ ಹಾರಿತೋ, ಚಿತ್ರವಿಡೀ ಸುಣ್ಣ ಬಳಿದ ಗೋಡೆ. ಗಾಬರಿಯಿಂದ ಇಳಿಸುವಷ್ಟರಲ್ಲಿ ಬೆಂಕಿ ಆರಿ ಚಿತ್ರವಿಡೀ ಮಸಿ. ಮಹಿಷಾಸುರ ಈ ಎರಡರ ನಡುವೆ ಎಲ್ಲೋ ದಾಟಿ ಹೋಗಿ ರಂಗಸ್ಥಳದಲ್ಲಿ ನಿಂತಿರುತ್ತಾನೆ. ಇದಕ್ಕೆ ಮದ್ದು ಪುಕ್ಕಟೆ: ಮ್ಯಾನ್ಯುಯಲ್ಲಿಗೆ ತಿರುಗಿಸಿ, ದೊಂದಿಯ ಬೆಳಕಿನಲ್ಲಿ ಮುಖ ಎಷ್ಟು ಕಾಣಬೇಕೋ ಅಷ್ಟಕ್ಕೆ ಕಟ್ಟಿಹಾಕಿ ಕೂರುವುದು. ರಾಳ ಹಾರಿದಾಗ ಬೆಂಕಿ ಬೆಳ್ಳಗಾದರೆ ಆಗಲಿ, ಬೆಂಕಿ ಇರುವುದೇ ಹಾಗೆ. ಇಂಥ ಪುಕ್ಕಟೆ ಸಂಗತಿಗಳಿಗೆ ಜಾಹೀರಾತು ಇಲ್ಲದಿರುವುದು ಸಹಜ.

ಫೋನಿನವರದ್ದು ಇನ್ನೊಂದು ಅವಾಂತರ. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಚಿಟ್ಟಿ ಇಡುವುದನ್ನು ತಾವು ಚೌಕಿಯಲ್ಲಿ ಕೂತು ನೋಡಬೇಕು. ಕನ್ನಡಿಯೊಂದನ್ನು ಎದುರಿಗಿಟ್ಟುಕೊಂಡು, ಒಂದರ ಪಕ್ಕ ಒಂದು ಬಿಳಿಯ ಮುಳ್ಳು, ಅದು ಒಣಗಿದ ಮೇಲೆ ಮತ್ತೊಂದು ಸಾಲು. ಗಂಟೆಗಟ್ಟಲೆಯ ಕೆಲಸ. ಅಷ್ಟು ಕಷ್ಟಪಟ್ಟು ಹುಟ್ಟಿಸಿದ ರಕ್ಕಸನನ್ನು ಕಡಿಮೆ ಬೆಳಕಿನಲ್ಲಿ ಫೋನಿನಿಂದ ವಿಡಿಯೊ ಮಾಡಿದರೆ, ಫೋನಿನೊಳಗಿನ ಜಾಣತಂತ್ರ ಆ ಚಿಟ್ಟಿಯನ್ನೆಲ್ಲ ಗ್ರೇನ್ಸ್ ಎಂದು ಭ್ರಮಿಸಿ ಒರೆಸಿ ಹಾಕುತ್ತದೆ. ರಕ್ಕಸ ಫೇಶಿಯಲ್ ಮಾಡಿಸಿಕೊಂಡವನಂತೆ ನುಣ್ಣಗೆ ಹೊಳೆಯುತ್ತಾನೆ. ಫೋನಿನ ನೈಟ್ ಮೋಡ್ ಒಳ್ಳೆಯದಲ್ಲವೇ ಎಂದು ಕೇಳಬಹುದು. ಅಲ್ಲಾಡದ ವಸ್ತುವಿಗೆ ಒಳ್ಳೆಯದೇ. ಗೂಗಲ್ಲಿನವರು 2018ರಲ್ಲಿ ತಮ್ಮ ಪಿಕ್ಸೆಲ್ ಫೋನಿಗೆ ತಂದ ಆ ವಿದ್ಯೆ, ಒಂದರ ಹಿಂದೊಂದು ಹಲವು ಫೋಟೊ ತೆಗೆದು, ಪದರದ ಮೇಲೆ ಪದರ ಕೂರಿಸಿ ಬೆಳಕನ್ನು ಒಟ್ಟುಮಾಡುತ್ತದೆ. ಅದಕ್ಕೆ ಒಂದೆರಡು ಸೆಕೆಂಡಾದರೂ ಪುರುಸೊತ್ತು ಬೇಕು. ವಿಡಿಯೊದಲ್ಲಿ ಸೆಕೆಂಡಿಗೆ ಇಪ್ಪತ್ತೈದು ಚೌಕಟ್ಟು ಓಡುತ್ತಿರುವಾಗ ಯಾವ ಚೌಕಟ್ಟಿಗೆ ಅಷ್ಟು ಪುರುಸೊತ್ತುಂಟು?

ಭಾವನ ಮೂರು ಕೆಲಸಗಳು ಮೂರು ದಾರಿ ಹಿಡಿಯುವುದು ಇಲ್ಲಿಯೇ. ನಕ್ಷತ್ರದ ಫೋಟೊಗೆ ಶಟರನ್ನು ಹದಿನೆಂಟು-ಇಪ್ಪತ್ತು ಸೆಕೆಂಡು ತೆರೆದಿಡಬಹುದು. ಆಟದ ವಿಡಿಯೊಗೆ ಸಿಗುವುದು ಸೆಕೆಂಡಿನ ಐವತ್ತನೇ ಒಂದು ಭಾಗ. ಲೆಕ್ಕ ಹಾಕಿದರೆ ಹತ್ತಿರಹತ್ತಿರ ಸಾವಿರ ಪಟ್ಟು ವ್ಯತ್ಯಾಸ. ಒಂದಕ್ಕೆ ಕ್ಯಾಮೆರಾ ಹೇಗಿದ್ದರೂ ನಡೆಯುತ್ತದೆ, ಅಲ್ಲಾಡದ ಸ್ಟ್ಯಾಂಡು ಬೇಕು. ಇನ್ನೊಂದಕ್ಕೆ ಸ್ಟ್ಯಾಂಡು ಎಷ್ಟು ಗಟ್ಟಿಯಿದ್ದರೂ ಬೆಳಕು ಹೆಚ್ಚಾಗುವುದಿಲ್ಲ, ಲೆನ್ಸಿನ ಬಾಯಿ ದೊಡ್ಡದಿರಬೇಕು. “ಲೋ ಲೈಟಿಗೆ ಒಳ್ಳೇದು” ಎಂದು ಅಂಗಡಿಯವನು ಒಂದೇ ಉಸಿರಿನಲ್ಲಿ ಹೇಳುವ ಮಾತಿನೊಳಗೆ ಈ ಸಾವಿರ ಪಟ್ಟಿನ ಕಂದಕ ಇದೆ.

ಲೆನ್ಸಿನ ಬಾಯಿಯ ಮಾತು ಬಂತಲ್ಲ. ತಮ್ಮಷ್ಟು ಹೆಸರು ಮಾಡದ, ಎಫ್ ಎಂಬ ಇನಿಶಿಯಲ್ಲಿನ ಒಬ್ಬರಿದ್ದಾರೆ. ಅವರ ಅಂಕಿ ಚಿಕ್ಕದಾದಷ್ಟೂ ಉಪಕಾರ ದೊಡ್ಡದು. ಪ್ರಚಾರಕ್ಕೆ ಒಗ್ಗದ ಸ್ವಭಾವ. ಕ್ಯಾಮೆರಾದ ಜತೆ ಬರುವ 18-55ರ ಕಿಟ್ ಲೆನ್ಸು ಉದ್ದ ಚಾಚಿದಾಗ ಎಫ್ 5.6. ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುವ 50 ಎಂಎಂ ಲೆನ್ಸಿನದ್ದು ಎಫ್ 1.8. ಎರಡನೆಯದು ಒಳಗೆ ಬಿಡುವ ಬೆಳಕು ಮೊದಲಿನದಕ್ಕಿಂತ ಹತ್ತಿರಹತ್ತಿರ ಹತ್ತು ಪಟ್ಟು. ಇದನ್ನು ಹೇಳದೆ ಕ್ಯಾಮೆರಾ ಮಾರುವುದರಿಂದ ಆಗುವ ತಮಾಷೆ ನೋಡಿ. ಸಾಧಾರಣ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ಸಿನ ಸೆನ್ಸರು ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. 0.64 ಮೈಕ್ರಾನಿನ ಪಿಕ್ಸೆಲ್ಲುಗಳ 108ರ ಫೋನಿನದ್ದು 7.7ಕ್ಕೆ 5.8. ಕ್ಷೇತ್ರಫಲದಲ್ಲಿ ಕ್ಯಾಮೆರಾ ಎಂಟು ಪಟ್ಟು ಶ್ರೀಮಂತ. ಆದರೆ ಅಗಲ ನೋಟದಲ್ಲಿ ಕಿಟ್ ಲೆನ್ಸಿನ ಬಾಯಿ ಎಫ್ 3.5, ಫೋನಿನದ್ದು ಎಫ್ 1.8 ಇದ್ದರೆ, ಅಲ್ಲಿ ಕ್ಯಾಮೆರಾ ಹೆಚ್ಚುಕಡಿಮೆ ನಾಲ್ಕು ಪಟ್ಟು ಕಳೆದುಕೊಳ್ಳುತ್ತದೆ. ಎಂಟರಲ್ಲಿ ಉಳಿದದ್ದು ಎರಡು. ಐವತ್ತು ಸಾವಿರ ಕೊಟ್ಟವನು ರಂಗಸ್ಥಳವನ್ನಿಡೀ ಹಿಡಿದು, ಫೋನಿನವನ ಪಕ್ಕ ಕೂತು, ಎರಡನ್ನೂ ಹೋಲಿಸಿ “ಎಂತದ್ದೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲವಲ್ಲ” ಎಂದರೆ ಅವನ ಕಣ್ಣಿನ ದೋಷವಲ್ಲ. ಅದೇ ಕ್ಯಾಮೆರಾಕ್ಕೆ ಎಫ್ 1.8ರ ಲೆನ್ಸು ಹಾಕಲಿ, ಆಗ ಎಂಟಕ್ಕೆ ಎಂಟೂ ದಕ್ಕುತ್ತದೆ. ಜೂಮ್ ಇರುವುದಿಲ್ಲ, ನಿಜ. ಕುರ್ಚಿಯನ್ನು ಹಿಂದೆ ಮುಂದೆ ಮಾಡಿಕೊಳ್ಳಬೇಕು. 50 ಎಂಎಂ ಎಂದರೆ ಇಂಥ ಕ್ಯಾಮೆರಾ ಬಾಡಿಯಲ್ಲಿ ಒಂದೆರಡು ವೇಷ ಮಾತ್ರ ತುಂಬುವ ನೋಟ. ರಂಗಸ್ಥಳವಿಡೀ ಬೇಕಾದವರು 30ರ ಒಳಗಿನದ್ದನ್ನು ಹುಡುಕಬೇಕು, ಅದಕ್ಕೆ ಸ್ವಲ್ಪ ಹೆಚ್ಚು ಬಿಚ್ಚಬೇಕು.

ಸ್ಟ್ಯಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ ಚಿತ್ರದ ಕೆಲವು ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲೇ ಚಿತ್ರಿಸಲು ಹೊರಟಾಗ ತಂದದ್ದು ನಾಸಾಕ್ಕಾಗಿ ಝೈಸ್ ಕಂಪನಿ ಮಾಡಿದ್ದ ಎಫ್ 0.7ರ ಲೆನ್ಸನ್ನು. ಅದು ದುಡ್ಡಿದ್ದವರ ದಾರಿ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರ ದಾರಿ ಬೇರೆ. ‘ಕಾಗಜ್ ಕೇ ಫೂಲ್’ ಚಿತ್ರದಲ್ಲಿ, 1959ರಲ್ಲಿ, ಖಾಲಿ ಸ್ಟುಡಿಯೊದ ಕತ್ತಲೆಯನ್ನು ಸೀಳಿ ಬರುವ ಆ ಬೆಳಕಿನ ಕೋಲು ಇದೆಯಲ್ಲ, ಅದನ್ನವರು ಕನ್ನಡಿಗಳಿಂದ ಹೊರಗಿನ ಬಿಸಿಲನ್ನು ಒಳಗೆ ತಿರುಗಿಸಿ ಮಾಡಿದ್ದು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಹಾಗಾಗಿ ಭಾವನಿಗೆ ನನ್ನ ಸಲಹೆ, ಹೊಸ ಬಾಡಿಯ ಚಿಂತೆ ಮಾಡುವ ಮೊದಲು ಆಟದ ದಿನ ಸಂಜೆ ಲೈಟಿನವನಿಗೆ ಒಂದು ಚಾ ಕುಡಿಸಿ. ರಂಗಸ್ಥಳದ ಎದುರಿನ ಎರಡು ಫ್ಲಡ್‌ಲೈಟುಗಳ ಮುಖವನ್ನು ಸ್ವಲ್ಪ ಕೆಳಗೆ ತಿರುಗಿಸಿದರೆ ಕಿರೀಟದ ಮೇಲಿಂದ ಹಾರಿಹೋಗುವ ಬೆಳಕು ಮುಖಕ್ಕೆ ಬೀಳುತ್ತದೆ. ಯಾವ ಕಂಪನಿಯೂ ಒಂದು ಚಾಕ್ಕೆ ಅಷ್ಟು ಬೆಳಕು ಮಾರುವುದಿಲ್ಲ.

ಆ ಲೈಟುಗಳಿಗೂ ಒಂದು ಕೊಂಕು ಇದೆ. ನಮ್ಮ ಕರೆಂಟು 50 ಹರ್ಟ್ಸಿನದ್ದು. ಅಗ್ಗದ ಎಲ್‌ಇಡಿ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕ್ಯಾಮೆರಾಕ್ಕೆ ಕಾಣುತ್ತದೆ. ಫೋನುಗಳು ಸಾಮಾನ್ಯವಾಗಿ ಹಿಡಿಯುವ ಸೆಕೆಂಡಿಗೆ 30 ಚೌಕಟ್ಟು, 60ರಲ್ಲೊಂದು ಶಟರು ಅಮೆರಿಕದ ಕರೆಂಟಿಗೆ ಸರಿ. ನಮ್ಮಲ್ಲಿ ಅದು ರಂಗಸ್ಥಳದ ಮೇಲೆ ಕಪ್ಪು ಪಟ್ಟಿಗಳನ್ನು ಮೇಲೆ ಕೆಳಗೆ ಓಡಿಸುತ್ತದೆ. ಭಾಗವತರ ಮುಂಡಾಸಿನ ಮೇಲೆ ನೆರಳು ಹರಿದಾಡುವುದನ್ನು ಕಂಡು ಕ್ಯಾಮೆರಾ ಹಾಳಾಯಿತೆಂದು ರಿಪೇರಿಗೆ ಕೊಟ್ಟವರೂ ಇದ್ದಾರೆ. ಮೆನುವಿನೊಳಗೆ ಪಾಲ್ ಎಂಬುದನ್ನು ಆರಿಸಿ, 25 ಚೌಕಟ್ಟು, ಶಟರು 50ರಲ್ಲೊಂದು ಎಂದು ಇಟ್ಟರೆ ಮುಗಿಯಿತು. ಗಿರಗಿರ ತಿರುಗಿ ಧಿಗಿಣ ಹಾಕುವಾಗ ಪುಂಡುವೇಷ ಸ್ವಲ್ಪ ಮಸುಕಾಗುತ್ತದೆ. ವಿಡಿಯೊದಲ್ಲಿ ಅದು ಚಂದವೇ.

ಅರ್ಧ ಗಂಟೆಯ ಕಥೆಯನ್ನೂ ತಮ್ಮ ಗಮನಕ್ಕೆ ತರಬೇಕು. ಹಳೆಯ ಡಿಎಸ್‌ಎಲ್‌ಆರ್‌ಗಳು 29 ನಿಮಿಷ 59 ಸೆಕೆಂಡಿಗೆ ಸರಿಯಾಗಿ ವಿಡಿಯೊ ನಿಲ್ಲಿಸಿಬಿಡುತ್ತವೆ. ಕಾರಣ ಯಂತ್ರದ್ದಲ್ಲ, ಯೂರೋಪಿನ ಸುಂಕದ್ದು: ಅರ್ಧ ಗಂಟೆ ಮುಟ್ಟಿದರೆ ಅದನ್ನು ವಿಡಿಯೊ ಕ್ಯಾಮೆರಾ ಎಂದು ಪರಿಗಣಿಸಿ ಹೆಚ್ಚು ತೆರಿಗೆ ಹಾಕುತ್ತಿದ್ದರು. ಅಲ್ಲಿಯ ಕಸ್ಟಮ್ಸಿನವರನ್ನು ಸಮಾಧಾನಪಡಿಸಲು ಇಲ್ಲಿ ದೇವೇಂದ್ರನ ಒಡ್ಡೋಲಗ ಅರ್ಧಕ್ಕೆ ನಿಲ್ಲುತ್ತದೆ. ಇಂದ್ರಪದವಿ ಅಲುಗುವುದು ಪುರಾಣದಲ್ಲಿ ಹೊಸತಲ್ಲ ಬಿಡಿ. ಪದ್ಯ ಮುಗಿದು ಅರ್ಥದ ಮಾತು ಶುರುವಾಗುವ ಸಂದು ನೋಡಿ ನಿಲ್ಲಿಸಿ ಮತ್ತೆ ಒತ್ತುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಇನ್ನು ಚೆಂಡೆ. ಕ್ಯಾಮೆರಾದ ಒಳಗಿನ ಮೈಕಿಗೆ ಚೆಂಡೆಯ ಏರುಪೆಟ್ಟು ತಡೆಯುವುದಿಲ್ಲ, ಒಡೆದ ಮಡಕೆಯ ಸದ್ದು ದಾಖಲಾಗುತ್ತದೆ. ಹೊರಗಿನ ಮೈಕು ಸಿಕ್ಕಿಸುವ ತೂತು ಇದೆಯೇ ಎಂದು ನೋಡದೆ ಕೊಳ್ಳಬಾರದು. ನಿಕಾನಿನ ಡಿ3300ರಲ್ಲಿ, 2014ರಲ್ಲಿ, ಅದಿತ್ತು. ಮುಂದಿನ ಡಿ3400, ಡಿ3500 ಬರುವಷ್ಟರಲ್ಲಿ ತೂತೇ ಮಾಯ. ಸೋನಿಯ ಎ6000ದಲ್ಲೂ ಇಲ್ಲ. ಕೆನಾನಿನ 200ಡಿಯಲ್ಲಿ ಉಂಟು. ಈ ಐದೂ 24ರ ಆಸುಪಾಸಿನವು. ತಮ್ಮನ್ನು ಕೇಳಿದರೆ ಐದೂ ಒಂದೇ ಎನ್ನುತ್ತೀರಿ.

ಅರಮನೆಯ ವಿಷಯ ಬೇಗ ಮುಗಿಯುತ್ತದೆ. ಸುಮಾರು ಒಂದು ಲಕ್ಷ ಬಲ್ಬಿನ ಆ ದೀಪಾಲಂಕಾರಕ್ಕೆ ಬೆಳಕಿನ ಬರವಿಲ್ಲ, ಫೋನೂ ಸಾಕು. ಬೇಕಾದದ್ದು ಹಿಂದಿನ ಆಕಾಶ. ಅಕ್ಟೋಬರಿನಲ್ಲಿ ಮೈಸೂರಿನ ಸೂರ್ಯ ಆರು ಗಂಟೆಗೇ ಮುಳುಗುವುದರಿಂದ ಏಳಕ್ಕೆ ದೀಪ ಹತ್ತುವಾಗ ಆಕಾಶ ಬರಿಯ ಕಪ್ಪು ಹಲಗೆ. ಮೇ ಕೊನೆಯ, ಜೂನಿನ ಭಾನುವಾರಗಳಲ್ಲಿ ದೀಪ ಹತ್ತುವ ಏಳು ಗಂಟೆಗೆ ಇನ್ನೂ ನೀಲಿ ಉಳಿದಿರುತ್ತದೆ. ಮೋಡವಿಲ್ಲದ ದಿನ ಸಿಕ್ಕಿದರೆ ಗೋಪುರದ ಅಂಚು ಆ ನೀಲಿಯ ಮೇಲೆ ಕೆತ್ತಿದಂತೆ ನಿಲ್ಲುತ್ತದೆ. ಜನವೂ ಕಡಿಮೆ.

ನಕ್ಷತ್ರಕ್ಕೆ ತದ್ವಿರುದ್ಧ, ಅದಕ್ಕೆ ಕತ್ತಲೆಯೇ ಬಂಡವಾಳ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಹೊಸಕೋಟೆಯ ಆಕಾಶದಲ್ಲಿ ಬೆಂಗಳೂರಿನ ಕೃಪೆಯಿಂದ ದೊಡ್ಡ ನಕ್ಷತ್ರಗಳಷ್ಟೇ ಉಳಿದಿವೆ. ಅಲ್ಲಿ ಹಾನ್ಲೆಯಲ್ಲಿ ಕತ್ತಲೆಯನ್ನು ಕಾಪಾಡಲೆಂದೇ 2022ರಲ್ಲಿ ಸುತ್ತಲಿನ ಪ್ರದೇಶವನ್ನು ಮೀಸಲು ಎಂದು ಘೋಷಿಸಿದರು. ಭಾವ ಅಷ್ಟು ದೂರ ಹೋಗಬೇಕಿಲ್ಲ. ಡಿಸೆಂಬರಿನ ಅಮಾವಾಸ್ಯೆ, ಘಟ್ಟದ ಮೇಲೊಂದು ಬಯಲು, ಹಳೆಯ ಬಾಡಿ, ಅದೇ ಕಿಟ್ ಲೆನ್ಸು 18ರಲ್ಲಿ, 18 ಸೆಕೆಂಡು. ಅದಕ್ಕಿಂತ ಹೆಚ್ಚು ತೆರೆದಿಟ್ಟರೆ ಭೂಮಿ ತಿರುಗುವುದು ಫೋಟೊದಲ್ಲಿ ಗೊತ್ತಾಗಿ ಚುಕ್ಕಿಗಳು ಗೀಟುಗಳಾಗುತ್ತವೆ. ಒತ್ತುವಾಗ ಕೈಯ ನಡುಕ ತಾಗದಂತೆ ಎರಡು ಸೆಕೆಂಡಿನ ಟೈಮರ್. ಒಟ್ಟು ಖರ್ಚು ಒಂದು ಗಟ್ಟಿ ಸ್ಟ್ಯಾಂಡಿನದ್ದು. ಅಲ್ಲಿ ಮಾತ್ರ ಕಂಜೂಸಿ ಮಾಡಬಾರದು. ಗಾಳಿಗೆ ನಡುಗುವ ಎಂಟುನೂರರ ಸ್ಟ್ಯಾಂಡು ಕೊಂಡರೆ, ನಕ್ಷತ್ರಕ್ಕೆ ಬಾಲ ಬರಿಸಲು ಭೂಮಿ ತಿರುಗಬೇಕೆಂದೇ ಇಲ್ಲ.

ಇಷ್ಟಾದ ಮೇಲೆ ನನ್ನ ಉತ್ತರ ಏನಿತ್ತೆಂದು ತಮಗೆ ಹೊಳೆದಿರಬಹುದು. ಬಾಡಿ ಹಳತು, ಲೆನ್ಸು ಹೊಸತು, ಸ್ಟ್ಯಾಂಡು ಗಟ್ಟಿ. ಮದುವೆ ಫೋಟೊಗ್ರಾಫರುಗಳು ಹೊಸದು ಕೊಂಡಾಗ ಹಳೆಯದನ್ನು ಅರ್ಧಕ್ಕಿಂತ ಕಡಿಮೆಗೆ ಬಿಡುತ್ತಾರೆ. ಅವು ಎಷ್ಟು ಲಕ್ಷ ಸಲ ಕ್ಲಿಕ್ಕಾಗಿವೆ ಎಂದು ಮಾತ್ರ ಕೇಳಿಕೊಳ್ಳಬೇಕು. ಸೀಸನ್ನಿನ ಮದುವೆಗಳನ್ನೆಲ್ಲ ನೋಡಿ ದಣಿದ ಜೀವಗಳವು. ಇದೂ ಬೇಡ, ಬಾಡಿಗೆಗೆ ತನ್ನಿ ಎಂದೂ ಹೇಳಿ ನೋಡಿದೆ. “ಬಾಡಿಗೆಗೆ ತಂದದ್ದನ್ನು ಕುತ್ತಿಗೆಗೆ ಹಾಕ್ಕೊಂಡ್ರೆ ನಮ್ಮದು ಅಂತ ಹೇಳ್ಲಿಕ್ಕೆ ಆಗ್ತದಾ?” ಎಂದರು. ಕ್ಯಾಮೆರಾ ಕೊಳ್ಳುವುದಕ್ಕೆ ಇಷ್ಟು ಪ್ರಾಮಾಣಿಕವಾದ ಕಾರಣವನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿಲ್ಲ. ಆದ್ದರಿಂದ ಆ ಮಾತು ಅಲ್ಲಿಗೇ ಬಿಟ್ಟೆ.

ಕೊನೆಯದಾಗಿ ಒಂದು ಎಚ್ಚರಿಕೆ. ಮಳೆಗಾಲದ ಮುಂಚಿನ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ಆಟ ದೀಪಾವಳಿ ಕಳೆದ ಮೇಲೆ. ಅಷ್ಟು ತಿಂಗಳು ಭಾವನ ಕ್ಯಾಮೆರಾ ಕಪಾಟಿನಲ್ಲಿ, ಚೀಲದೊಳಗೆ, ಕತ್ತಲೆಯಲ್ಲಿ ಇರುತ್ತದೆ. ನಮ್ಮ ಕರಾವಳಿಯ ಮಳೆಗಾಲದ ಆಟಿ ತಿಂಗಳ ತೇವಕ್ಕೆ ಲೆನ್ಸಿನ ಗಾಜಿನೊಳಗೆ ಫಂಗಸ್ ಬಲೆ ಹೆಣೆಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಚರ್ಮದ ಚೀಲವಂತೂ ಅದಕ್ಕೆ ಹಾಸಿಗೆ. ಹಳೆಯ ಲೆನ್ಸು ಕೊಳ್ಳುವಾಗಲೂ ಹಿಂದಿನಿಂದ ಟಾರ್ಚು ಬಿಟ್ಟು ನೋಡಬೇಕು, ಜೇಡನ ನೂಲಿನಂಥದ್ದು ಕಂಡರೆ ಚೌಕಾಶಿಗೂ ಇಳಿಯದೆ ಎದ್ದು ಬರಬೇಕು. ಫಂಗಸ್ಸಿಗೆ 12 ಎಂದೂ 108 ಎಂದೂ ಭೇದವಿಲ್ಲ. ಆ ವಿಷಯದಲ್ಲಿ ಅದು ನನ್ನ ಪಕ್ಷ. ಬಿಗಿ ಮುಚ್ಚಳದ, ಒಳಗಿನದ್ದು ಹೊರಗೆ ಕಾಣುವ ಒಂದು ಪ್ಲಾಸ್ಟಿಕ್ ಡಬ್ಬಿ, ಒಂದು ಮುಷ್ಟಿ ನೀಲಿ ಸಿಲಿಕಾ ಜೆಲ್ ಸಾಕು. ಕಾಳುಗಳು ಗುಲಾಬಿಗೆ ತಿರುಗಿದರೆ ತೇವ ಕುಡಿದಿವೆ ಎಂದರ್ಥ. ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ನೀಲಿಯಾಗುತ್ತವೆ. ಆ ಬಾಣಲೆ ಯಾವುದೆಂದು ಮಾತ್ರ ಅಕ್ಕನನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಕ್ಷೇಮ.

ಇತಿ,
ರಾತ್ರಿ ಪಾಳಿಯ ಒಬ್ಬ ವಿಧೇಯ